ಸಾಹುಕಾರರು ಫೋನಿನಲ್ಲಿ ಹೇಳಿದ್ದು

ಹನ್ನೊಂದನೆಯ ಸಲ ಜ್ಯೋತಿಲಕ್ಷ್ಮಿ ಸಾಹುಕಾರರ ನಂಬರು ಒತ್ತಿದಳು. ಹನ್ನೊಂದನೆಯ ಸಲವೂ ಅದು ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಸಾಹುಕಾರ ಶಾಂತವೀರಪ್ಪನವರು ಕಡಲೆಕಾಯಿ ನೋಡಲು ನನ್ನಿವಾಳದ ಕಡೆ ಹೋಗಿದ್ದಾರೆ, ನಾಲ್ಕಕ್ಕೆ ಬರುತ್ತಾರೆ ಎಂದು ಮಿಲ್ಲಿನ ಮ್ಯಾನೇಜರ್ ಬಾಲರಾಜ್ ಮೂರು ಸಲ ಹೇಳಿಯಾಗಿತ್ತು. ಬೇಕೆಂದೇ ಎತ್ತುತ್ತಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಅವಳ ಮೊಬೈಲಿನಲ್ಲಿ ಬೆಂಗಳೂರಿನ ವಿಶ್ವವಿದ್ಯಾಲಯದ ಮೇಲ್ ತೆರೆದೇ ಇತ್ತು. ನಿಮ್ಮ ಮೇಲಧಿಕಾರಿಯೊಂದಿಗೆ ಮಾತನಾಡಿದ ಮೇಲೆ ನೀವು ಈ ಕೋರ್ಸು ಪೂರೈಸುತ್ತೀರೆಂಬ ನಂಬಿಕೆ ನಮಗೆ ಉಳಿದಿಲ್ಲ. ಹೇಳುವುದೇನಾದರೂ ಇದ್ದರೆ ಇಂದು ಸಂಜೆ ಐದರೊಳಗೆ ತಿಳಿಸಿ ಎಂದಿತ್ತು. ಏನಂತ ತಿಳಿಸುವುದು? ದೂರೇ ಗೊತ್ತಿಲ್ಲದೆ ಸಮಜಾಯಿಷಿ ಬರೆಯುವುದು ಹೇಗೆ? ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದಳು.

ಚಳ್ಳಕೆರೆಯ ಆ ಎಣ್ಣೆ ಮಿಲ್ಲಿನಲ್ಲಿ ಅವಳು ಒಂಬತ್ತು ವರ್ಷದಿಂದ ಕಾರ್ಮಿಕರ ಕ್ಷೇಮ ನೋಡುವ ಅಧಿಕಾರಿ. ಯಾರು ಯಾಕೆ ಕೆಲಸಕ್ಕೆ ಬಂದಿಲ್ಲ, ಯಾರಿಗೆ ಯಾರ ಜೊತೆ ಮಾತಿಲ್ಲ, ಎಲ್ಲ ಅವಳಿಗೆ ಗೊತ್ತು. ಮೊಳಕಾಲ್ಮೂರಿನಲ್ಲಿ ಬೇರೆಯವರ ಮಗ್ಗಕ್ಕೆ ರೇಷ್ಮೆ ಸುತ್ತಿ ಅವ್ವ ಪಾಲಮ್ಮ ಇವಳನ್ನು ಎಂ.ಎ.ವರೆಗೆ ತಂದಿದ್ದಳು. ಈಗ ಸಾಂಸ್ಥಿಕ ಮನೋವಿಜ್ಞಾನದಲ್ಲಿ ವೃತ್ತಿಪರ ಡಾಕ್ಟರೇಟು. ಕೆಲಸದಲ್ಲಿದ್ದುಕೊಂಡೇ, ದುಡಿಯುವ ಜಾಗವನ್ನೇ ಅಧ್ಯಯನ ಮಾಡಿ ಪಡೆಯುವ ಪದವಿ. ಎರಡು ವರ್ಷ ಬಸ್ಸಿನ ಕಿಟಕಿ ಪಕ್ಕ ಕೂತು ಓದಿ ಪ್ರವೇಶ ಪರೀಕ್ಷೆ ಗೆದ್ದಳು, ಸಂದರ್ಶನವನ್ನೂ ಮುಗಿಸಿದಳು. ಇದ್ದ ಎಂಟು ಸೀಟಿನಲ್ಲಿ ಒಂದು ಅವಳದಾಗಲು ಮೇಲಧಿಕಾರಿಯ ಒಂದು ಮಾತಷ್ಟೇ ಬಾಕಿ ಇತ್ತು.

ಅವಳು ಆರಿಸಿಕೊಂಡ ವಿಷಯವೋ, ಕೆಲಸದ ಜಾಗದಲ್ಲಿ ಜನ ಯಾಕೆ ಬಾಯಿ ಬಿಟ್ಟು ಕೇಳುವುದಿಲ್ಲ ಎಂಬುದು. ಅದಕ್ಕೆ ಮೊದಲ ಉದಾಹರಣೆ ಅವಳೇ. ತಿಂಗಳ ಹಿಂದೆ, ಸಿಪ್ಪೆ ಸುಲಿಯುವ ಯಂತ್ರ ಕಿವಿ ಕಿತ್ತುಹೋಗುವಂತೆ ಓಡುತ್ತಿದ್ದಾಗ, ಸಾಹುಕಾರರ ಮುಂದೆ ತಲೆ ತಗ್ಗಿಸಿ ನಿಂತು, ಬೆಂಗಳೂರಿನಿಂದ ತನ್ನ ವಿಷಯ ವಿಚಾರಿಸಲು ಫೋನು ಬರುತ್ತದೆ, ನಾಲ್ಕು ಒಳ್ಳೆಯ ಮಾತು ಹೇಳಬೇಕು ಎಂದಿದ್ದಳು. ಕೋರ್ಸಿನ ಮಾರುದ್ದದ ಹೆಸರು ಶುರು ಮಾಡುವಷ್ಟರಲ್ಲಿ ಲಾರಿ ಬಂತು. ಅವರು ನಕ್ಕು, ನೀನು ನಮ್ಮನೆ ಮಗಳಿದ್ದಂತೆ, ನನಗೆ ಬಿಡು ಎಂದು ಹೊರಟೇಹೋದರು. ಉಳ್ಳವರು ಮಗಳಿದ್ದಂತೆ ಎಂದಾಗಲೇ ಎಚ್ಚರಾಗಬೇಕಿತ್ತು ಎಂದು ಈಗ ಅನಿಸುತ್ತಿತ್ತು.

ಫೋನು ಬಂದದ್ದು ಹತ್ತು ದಿನದ ಹಿಂದೆ. ಸಾಹುಕಾರರು ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಿದರಂತೆ. ಮಾರನೆಯ ದಿನವೇ ಬಾಲರಾಜನನ್ನು ಕರೆದು, ಆಯಮ್ಮನ ಜಾಗಕ್ಕೆ ಯಾರಾದರೂ ಸಿಗುತ್ತಾರಾ ನೋಡು ಎಂದರಂತೆ. ಅದು ಸಾಲದೆಂಬಂತೆ ಅವರ ಹೆಂಡತಿ ಅನ್ನಪೂರ್ಣಮ್ಮ ಮನೆಗೆ ಕರೆಸಿ, ಯಾವ ಬಣ್ಣದ ರೇಷ್ಮೆ ಸೀರೆ ಇಷ್ಟ ಎಂದು ಕೇಳಿದರು. ಯಾಕಮ್ಮ ಎಂದದ್ದಕ್ಕೆ, "ಹೋಗೋಳನ್ನ ಬರಿಗೈಲಿ ಕಳಿಸಾಕಾಗ್ತತಾ?" ಎಂದಿದ್ದರು.

ಅವಳು ಲೆಕ್ಕ ಹಾಕಿದ್ದು ಹೀಗೆ. ಮಿಲ್ಲಿನ ಹುಳುಕು ತಾನು ಬರೆಯುವ ಪ್ರಬಂಧಕ್ಕೆ ಹೋಗುತ್ತದೆಂದು ಸಾಹುಕಾರರು ಹೆದರಿದ್ದಾರೆ. ಅದಕ್ಕೇ ಓದಿಗೂ ಕಲ್ಲು ಹಾಕಿದರು, ಕೆಲಸಕ್ಕೂ ಕಲ್ಲು ಹಾಕಿದರು. ಗಾಯದ ಮೇಲೆ ಬರೆ ಎಳೆದಂತೆ ಒಂದು ಸೀರೆ ಬೇರೆ. ಕೂಲಿಯವಳ ಮಗಳು ಹೆಸರಿನ ಹಿಂದೆ ಡಾಕ್ಟರ್ ಅಂಟಿಸಿಕೊಳ್ಳುವುದನ್ನು ಇವರು ಹೇಗೆ ಸಹಿಸುತ್ತಾರೆ ಎಂದುಕೊಂಡಳು. ಅಳು ಬಂತು. ಅತ್ತದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಜೀಪು ಬಂದಾಗ ನಾಲ್ಕೂ ನಲವತ್ತು. ಶಾಂತವೀರಪ್ಪನವರು ಧೂಳು ಕೊಡವಿಕೊಂಡು ಒಳಗೆ ಬಂದು ನೀರು ಕುಡಿದರು. ಫೋನು ಜೀಪಿನಲ್ಲೇ ಉಳಿದಿತ್ತು ಎಂದರು. ಅವಳು ಕೂರಲಿಲ್ಲ.

"ಬೆಂಗಳೂರಿನೋರು ಇವತ್ತು ಬರೆದಿದಾರೆ ಸಾಹುಕಾರ್ರೆ. ಐದು ಗಂಟೆ ಒಳಗೆ ನನ್ನ ಮಾತು ತಿಳಿಸ್ಬೇಕಂತೆ."

ಅವರ ಮುಖ ಅರಳಿತು. ಆ ಅರಳಿದ ಮುಖ ಕಂಡು ಅವಳ ಮೈಯೆಲ್ಲ ಉರಿಯಿತು.

"ಹಂಗಾದ್ರೆ ಇನ್ನೇನೈತೆ, ಹೂಂ ಅಂದ್ಬಿಡು."

ತಮಾಷೆ ಮಾಡಬೇಡಿ ಎಂದಳು. ಒಂಬತ್ತು ವರ್ಷ ಈ ಮಿಲ್ಲಿಗೆ ದುಡಿದಿದ್ದೇನೆ, ನನ್ನ ಬದುಕೇ ಇದರ ಮೇಲೆ ನಿಂತಿದೆ ಎಂದಳು. "ಫೋನಲ್ಲಿ ಏನು ಹೇಳಿದ್ರಿ, ಅದೊಂದು ಹೇಳ್ರಿ."

ಸಾಹುಕಾರರಿಗೆ ಆಶ್ಚರ್ಯವಾಯಿತು. ಮುಚ್ಚಿಡುವಂಥದ್ದು ಏನೂ ಇಲ್ಲವೆಂಬಂತೆ ಕುರ್ಚಿಗೆ ಒರಗಿ, ಆ ಕಡೆ ಮಾತಾಡಿದ ಹೆಂಗಸು ಬಹಳ ನಯಸ್ಥೆ, ಪ್ರೊಫೆಸರಂತೆ ಎಂದು ಶುರು ಮಾಡಿದರು. ಎಷ್ಟು ವರ್ಷದಿಂದ ಬಲ್ಲಿರಿ, ಸಿಟ್ಟು ಹೇಗೆ, ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗುತ್ತಾಳಾ, ಮುಂದೆ ಏನು ಮಾಡಬೇಕೆಂದಿದ್ದಾಳೆ ಎಂದೆಲ್ಲ ಕೇಳಿದರಂತೆ. ಚಿನ್ನದಂಥವಳು, ಎದುರು ಮಾತಾಡಿದ್ದನ್ನು ಒಂದು ದಿನ ಕಂಡಿಲ್ಲ ಎಂದು ಇವರು ಹೇಳಿದರಂತೆ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು.

"ಅಷ್ಟೇನಾ?" ಎಂದಳು ಜ್ಯೋತಿಲಕ್ಷ್ಮಿ.

"ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರಲ್ಲಮ್ಮ, ನಾನು ಹೇಳಿದ್ದು ಒಂದೇ ಒಂದು, ತಾಳಿ ಬಿದ್ದ ದಿನಾನೇ ಓದೂ ಬಿಡ್ತಾಳೆ, ಕೆಲ್ಸಾನೂ ಬಿಡ್ತಾಳೆ ಅಂತ, ಅದಿರ್ಲಿ, ಗಂಡಿನ ತಾಯಿ ಹುಡುಗಿ ನೋಡಾಕೆ ಯಾವತ್ತು ಬರ್ತಾರಂತೆ?"