ಹಾರ ಹಾಕಿದ ಫೋಟೋ

ಇಂಥದ್ದನ್ನು ಹೇಳಬಹುದೋ ಬಾರದೋ, ತಪ್ಪಿದ್ದರೆ ಕ್ಷಮಿಸಿ.

ತಾನು ಓದಿದ ಸಂಜೆ ಕಾಲೇಜಿನ ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಪ್ರಫುಲ್ಲಾ ಇಷ್ಟು ವರ್ಷ ಬೇರೆಯವರ ಬಡ್ತಿ, ಕಾರು, ಗೃಹಪ್ರವೇಶಗಳನ್ನು ಮೂಗು ಮುರಿಯುತ್ತಲೇ ನೋಡಿದ್ದಳು. ಕೊನೆಗೊಮ್ಮೆ ಅವಳಿಗೂ ಸೂಪರಿಂಟೆಂಡೆಂಟ್ ಬಡ್ತಿ ಸಿಕ್ಕಿತು. ಆಫೀಸಿನವರು ಹಾಕಿದ ಗುಲಾಬಿ ಹಾರದಲ್ಲೇ ತೆಗೆಸಿಕೊಂಡ ಫೋಟೋವನ್ನು ಗುಂಪಿಗೆ ಹಾಕಿ, ಕೆಳಗೆ ಬಡ್ತಿಯ ಸುದ್ದಿ ಬರೆದು, ಹೊಗಳಿಕೆಗೆ ಕಾದು ಕೂತಳು.

ಮೊದಲ ಉತ್ತರ ಗಿರಿಯಪ್ಪನದು: "ಓಂ ಶಾಂತಿ." ಅವನ ಹಿಂದೆಯೇ ಉಳಿದವರೂ ಕುರಿಮಂದೆಯ ಹಾಗೆ ಕೈಮುಗಿದರು. ಕಾಲೇಜಿನಲ್ಲಿ ಅವಳ ಜೊತೆ ಮಾತೇ ಆಡದವನೊಬ್ಬ "ತುಂಬಾ ಒಳ್ಳೆ ಜೀವ" ಎಂದು ಬರೆದ.

ಪ್ರಫುಲ್ಲಾ ಉರಿದುಕೊಂಡು ಗಿರಿಯಪ್ಪನಿಗೆ ಫೋನ್ ಮಾಡಿದಳು.

"ಏನಯ್ಯಾ, ಹಾರ ಕಂಡ ತಕ್ಷಣ ಸಾಯಿಸಿಬಿಡೋದಾ? ಕೆಳಗೆ ಬರೆದಿದ್ದು ಓದೋಕೆ ಬರಲ್ವಾ? ಡಿಗ್ರಿ ಹೆಂಗಯ್ಯಾ ಪಾಸಾದೆ?"

"ಅಯ್ಯೋ, ಬದುಕಿದ್ದೀಯಾ! ತಪ್ಪಾಯ್ತು ಕಣಮ್ಮಾ, ಕನ್ನಡಕ ಹಾಕಿರ್ಲಿಲ್ಲ."

"ಸತ್ತೋರು ಯಾರು, ಬದುಕಿರೋರು ಯಾರು ಅಂತ ನೋಡೋಷ್ಟೂ ಪುರುಸೊತ್ತಿಲ್ವಾ? ಮನುಷ್ಯನೇನಯ್ಯಾ ನೀನು?"



"ಹೋದ ತಿಂಗಳು ನಮ್ಮನೆಯೋಳು ತೀರ್ಕೊಂಡಾಗ ನಾನೂ ಅವಳ ಹಾರದ ಫೋಟೋ ಗುಂಪಿಗೆ ಹಾಕಿದ್ದೆ. 'ಕಂಗ್ರಾಟ್ಸ್, ಪಾರ್ಟಿ ಯಾವಾಗ' ಅಂತ ಕೇಳಿದ್ದೆ ನೀನು. ಏನಂತ ಉತ್ತರ ಕೊಡ್ಬೇಕೋ, ಇವತ್ತಿಗೂ ಗೊತ್ತಾಗಿಲ್ಲ ಕಣಮ್ಮಾ."