ಯಾವ ಕೊಟ್ರೇಶ?

“ಕೈ ತೆಗೀರಿ,” ಎಂದಳು ಅರ್ಚನಾ.

ಆ ಮನುಷ್ಯ ತೆಗೆಯಲಿಲ್ಲ. ಕೆಂಪು ಔಷಧಿಯ ಚೀಲ ತೂಗುವ ಕಂಬವನ್ನು ಮುಷ್ಟಿಯಲ್ಲಿ ಹಿಡಿದು, ಮಂಚಕ್ಕೂ ಅವಳಿಗೂ ನಡುವೆ ಅಡ್ಡ ನಿಂತಿದ್ದ. ಮಂಚದ ಮೇಲೆ ಆರು ವರ್ಷದ ಕೊಟ್ರೇಶ. ರಕ್ತದ ಕ್ಯಾನ್ಸರು. ಸೂಜಿ ಚುಚ್ಚಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕಣ್ಣು ಪಿಳಿಪಿಳಿ ಬಿಡುತ್ತಿದ್ದ.

“ಮೊದ್ಲು ಚೀಟಿ ಓದ್ರಿ.”

“ಓದಿದ್ನಲ್ರೀ. ಕೊಟ್ರೇಶ.”

“ಕೊಟ್ಟೂರು ಸೀಮ್ಯಾಗ ಒಂದು ಕಲ್ಲು ಒಗೀರಿ, ಯಾವನರ ಕೊಟ್ರೇಶಗ ಬಡೀತೈತಿ. ಇಂವ ಯಾವ ಕೊಟ್ರೇಶ? ವಯಸ್ಸು ಓದ್ರಿ. ತೂಕ ಓದ್ರಿ. ತಂದಿ ಹೆಸರು ಓದ್ರಿ.”

ಅರ್ಚನಾ ಈ ವಾರ್ಡಿಗೆ ನರ್ಸಾಗಿ ಬಂದು ಎಂಟು ದಿನ. ಬಂದ ದಿನವೇ ಇವನ ಸುದ್ದಿ ಕಿವಿಗೆ ಬಿದ್ದಿತ್ತು. ಪ್ರತಿ ಮಂಗಳವಾರ ಕೂಡ್ಲಿಗಿಯ ಮೊದಲ ಬಸ್ಸಿಗೆ ಹಾಜರು. ಕೈಯಲ್ಲಿ ಫೈಲಿಲ್ಲ, ಬುತ್ತಿಯಿಲ್ಲ. ಬಂದವನೇ ಪೊಲೀಸನಂತೆ ವಿಚಾರಣೆಗೆ ನಿಲ್ಲುತ್ತಾನೆ. ಡಾಕ್ಟರಿಗೂ ಎದುರಾಡುವ ಹಿರಿಯ ನರ್ಸ್ ಗೀತಾಂಜಲಿ, ಇವನೆದುರು ಮಾತ್ರ ತಲೆ ತಗ್ಗಿಸುತ್ತಾಳೆ. ಹೇಡಿತನ, ಅಷ್ಟೇ.

“ಚೀಟಿ ತೋರಿಸ್ತೀನಿ, ನಿಮಗ ಓದಾಕ ಬರತೈತೇನು?”

“ಇಲ್ಲ. ನಾಕನೇತ್ತಕ್ಕ ಸಾಲಿ ಬಿಟ್ಟೀನಿ. ನಿಮಗ ಬರತೈತಲ್ಲ? ಕುರಿ ಕಾಯೋನು ನಾನು. ಸೂಜಿ ಮಾಡೋ ಮುಂದ ಕಿವಿ ಗುರ್ತು ನೋಡೇ ಮಾಡತೀನಿ. ಕುರಿಗಿರೋ ಕಿಮ್ಮತ್ತು ಮಕ್ಕಳಿಗಿಲ್ಲೇನು?”

“ತಡ ಆದ್ರ ನಿಮ್ಮ ಹುಡುಗಗೇ ತ್ರಾಸು.”

ಕಂಬದ ಮೇಲೆ ಅವನ ಮುಷ್ಟಿ ಇನ್ನಷ್ಟು ಬಿಗಿಯಿತು. ಜಗಳಕ್ಕೆ ಹೆದರಿದ ಕೊಟ್ರೇಶ ಅಳುಮೋರೆ ಮಾಡಿ ಬಾಗಿಲ ಕಡೆ ನೋಡಿದ. ಅಲ್ಲಿ ಟವೆಲ್ ಹೊದ್ದ ಒಬ್ಬ ಕುಕ್ಕರಗಾಲಲ್ಲಿ ಕೂತಿದ್ದ.

ಗೀತಾಂಜಲಿ ಬಂದಳು. “ಓದು ಅರ್ಚನಾ. ನಾನು ಫೈಲ್ ಹಿಡೀತೀನಿ.”

ಅರ್ಚನಾ ಹಲ್ಲು ಕಚ್ಚಿ ಚೀಲದ ಮೇಲಿನ ಚೀಟಿ ಓದಿದಳು. “ಕೊಟ್ರೇಶ. ಆರು ವರ್ಷ. ಹದಿನಾರು ಕಿಲೋ. ತಂದೆ ಓಬಳೇಶಪ್ಪ.”

ಒಂದೊಂದಕ್ಕೂ ಫೈಲಿನ ಮೇಲೆ ಬೆರಳಿಟ್ಟು ಗೀತಾಂಜಲಿ “ಹೌದು” ಎಂದಳು. ನರ ಸರಿಯಿದೆಯೇ ಎಂದು ಮೊದಲು ಉಪ್ಪುನೀರು ಬಿಟ್ಟು ನೋಡಿದಳು. “ಉರಿದ್ರ ಕೂಡ್ಲೇ ಹೇಳಬೇಕು, ಮರಿ.” ಹುಡುಗ ತಲೆಯಾಡಿಸಿದ. ಕೆಂಪು ಹನಿ ಇಳಿಯತೊಡಗಿತು.

ಆಗ ಆ ಮನುಷ್ಯ ಕಂಬ ಬಿಟ್ಟ. ಅಂಗೈಯಲ್ಲಿ ಕಬ್ಬಿಣದ ಬರೆ ಮೂಡಿತ್ತು.

“ಸಮಾಧಾನ ಆತೇನ್ರಿ, ಓಬಳೇಶಪ್ಪ?” ಅರ್ಚನಾ ಕುಟುಕಿದಳು.

“ಓಬಳೇಶಪ್ಪ ಅಗೋ ಅಲ್ಲಿ, ಬಾಗಲದಾಗ ಕುಂತಾನ. ನಾನು ರಾಮಾಂಜಿನಿ. ಹೋದ ವರ್ಷ ಇದೇ ಮಂಚದ ಮ್ಯಾಗ, ಬರೀ ಕೊಟ್ರೇಶ ಅಂತ ಓದಿ, ಹದಿನಾಲ್ಕು ವರ್ಷದ ಹುಡುಗನ ಚೀಲ ಹಾಕಿದ್ರು ನನ್ನ ಕೊಟ್ರೇಶಗ. ಅವಂಗ ನಾಕು ತುಂಬಲೇ ಇಲ್ಲ.”