ಹಗುರ ನೀರು
ಮೊದಲ ಏಟಿಗೇ ಅಂಗಡಿಯವನ ಹಲ್ಲು ಮುರಿಯಿತು. ಎರಡನೆಯ ಏಟಿಗೆ ಅವನು ಹಿಂದಿದ್ದ ಕಪಾಟಿನ ಮೇಲೆ ಬಿದ್ದ. ಬಾಟಲಿಗಳು ಒಡೆದು, ಡ್ಯುಟೀರಿಯಂ ಎಂಬ ಭಾರದ ಹೈಡ್ರೋಜನ್ ಕಡಿಮೆ ಮಾಡಿದ 'ಹಗುರ ನೀರು' ಗಾಜಿನ ಚೂರುಗಳ ನಡುವೆ ನೆಲದ ತುಂಬ ಹರಿಯಿತು.

"ಈ ನೀರು ಕುಡಿದ್ರೆ ನನ್ನ ಹೆಂಡ್ತಿ ಎದೆ ಗಡ್ಡೆ ಕರಗುತ್ತೆ ಅಂದ್ಯಲ್ಲೋ! ಮೂಳೆಗೂ ಹಬ್ಬಿದೆ ಅಂತ ಡಾಕ್ಟರು ಈಗ ಹೇಳಿದ್ರು."

"ಕರಗುತ್ತೆ ಅನ್ಲಿಲ್ಲ ಸಾರ್. ಕೀಮೋ ಜೊತೆಗೆ ಕುಡೀಲಿ, ಕೀಮೋ ಮಾತ್ರ ಬಿಡಬೇಡಿ ಅಂದಿದ್ದೆ. ಬಾಟಲಿ ಮೇಲೂ ಹಾಗೇ ಬರೆದಿದೆ."

"ಸುಳ್ಳು ಬೊಗಳಬೇಡ! ನಾಲ್ಕು ತಿಂಗಳಿಂದ ಇವಳು ಒಂದು ಕೀಮೋನೂ ತಗೊಂಡಿಲ್ಲ. ಬಿಡಿಸಿದೋನು ನೀನೇ."

ಗಂಡ ಅವನ ಕೊರಳಪಟ್ಟಿ ಹಿಡಿದೆತ್ತಿ, ಒಡೆದ ಬಾಟಲಿಯ ಮೂತಿಯನ್ನು ಗಂಟಲಿಗೆ ಒತ್ತಿದ. ರಕ್ತ ಅಂಗಿಯ ಮೇಲೆ ಇಳಿಯಿತು. ಗಂಡ ಬಾಗಿಲ ಕಡೆ ತಿರುಗಿ ಕಿರುಚಿದ.

"ಹೇಳೇ! ಕೀಮೋ ಬೇಡ ಅಂದೋರು ಯಾರು ಅಂತ ಇವನ ಮುಖದ ಮೇಲೆ ಹೇಳು. ಇಲ್ಲೇ ಕುಯ್ದು ಹಾಕ್ತೀನಿ."

ಸಾಕ್ಷಿ ಹೇಳಲೆಂದು ಅವನೇ ಎಳೆದು ತಂದಿದ್ದ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಸೊಂಟ ದಾಟುವ ಜಡೆ. ನಿನ್ನೆ ಮಗಳ ಮದುವೆಗೆ ಮುಡಿದ ಮಲ್ಲಿಗೆ ಅದರಲ್ಲಿ ಬಾಡಿ ಕಂದಾಗಿತ್ತು. ಅವಳು ಜಡೆಯನ್ನು ಮುಂದಕ್ಕೆಳೆದು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ರೀ, ಅವರನ್ನ ಬಿಡಿ. ಕೀಮೋ ತಗೊಂಡ್ರೆ ಕೂದಲೆಲ್ಲ ಉದುರುತ್ತೆ, ಬೋಳು ತಲೇಲಿ ಕೂತು ಮಗಳಿಗೆ ಧಾರೆ ಎರೀತೀಯಾ, ಮದುವೆ ಮುಗಿಯೋವರೆಗೂ ಬೇಡ ಅಂದೋರು ನೀವಲ್ವಾ?"